ಗೆಲ್ಲಬೇಕಾದರೆ ಕಾಡು ಬಿಡಬೇಕು: ಕಾರಾಪುರದ ಹುಡುಗ ಮತ್ತು ಮೋಗ್ಲಿ ಗೇಮ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ವಿಷಯ ಒಂದು ಹಳೇ ವಿಡಿಯೋ ಗೇಮ್. ಅಂಗೈಯಲ್ಲಿ ಹಿಡಿದು ಆಡೋ ಗೇಮ್. ಅದರಲ್ಲಿ ಒಬ್ಬ ಹುಡುಗ, ಮೈಮೇಲೆ ಒಂದು ಚಡ್ಡಿಯಷ್ಟೇ. ಕೊಂಬೆಯಿಂದ ಕೊಂಬೆಗೆ ಹಾರ್ತಾನೆ, ಬಳ್ಳಿ ಹಿಡಿದು ಜೋತಾಡ್ತಾನೆ, ಎದುರಿಗೆ ಬಂದ ಕೋತಿ, ಹಾವುಗಳಿಗೆ ಬಾಳೆಹಣ್ಣಲ್ಲಿ ಹೊಡೀತಾನೆ. ಹೆಸರು ಮೋಗ್ಲಿ. ಗೇಮ್ ಹೆಸರು ‘ದಿ ಜಂಗಲ್ ಬುಕ್’. ಡಿಸ್ನಿಯವರ ಕಾರ್ಟೂನ್ ಸಿನಿಮಾ ಇಟ್ಕೊಂಡು ಮಾಡಿದ್ದು.

‘ಇದಕ್ಕೂ ನಮ್ಮ ಕಡೆಗೂ ಏನು ಸಂಬಂಧ’ ಅಂತ ನೀವು ಕೇಳಬಹುದು. ಸಂಬಂಧ ಇದೆ. ಇಂಗ್ಲಿಷ್ ಸಿನಿಮಾದಲ್ಲಿ ಮೋಗ್ಲಿ ಪಾತ್ರ ಮಾಡಿ ಪ್ರಪಂಚಕ್ಕೆಲ್ಲ ಗೊತ್ತಾದ ಹುಡುಗ ಹುಟ್ಟಿದ್ದು ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ, ಕಾಕನಕೋಟೆ ಕಾಡಿನ ಅಂಚಿನಲ್ಲಿ. ಇನ್ನೊಂದು ವಿಷಯಾನೂ ಇದೆ. ಆ ಗೇಮಲ್ಲಿ ನೀವು ಗೆಲ್ಲೋದು ಯಾವಾಗ ಗೊತ್ತಾ? ಹುಡುಗನನ್ನ ಕಾಡಿನಿಂದ ಆಚೆ ಕಳಿಸಿದಾಗ. ಈ ಒಂದು ನಿಯಮ ಕಾಕನಕೋಟೆಯಲ್ಲಿ ಕೂತು ನೋಡಿದ್ರೆ ಬೇರೆ ಥರಾನೇ ಕಾಣುತ್ತೆ. ಇವತ್ತು ಅದರ ಬಗ್ಗೆ ಮಾತಾಡೋಣ.

ಮೊದಲು ಗೇಮ್ ಏನು ಅಂತ ಹೇಳಿಬಿಡ್ತೀನಿ.

ಡಿಸ್ನಿಯ ‘ದಿ ಜಂಗಲ್ ಬುಕ್’ ಕಾರ್ಟೂನ್ ಸಿನಿಮಾ ಬಂದಿದ್ದು 1967ರಲ್ಲಿ. ಅದರ ಮೇಲೆ ವರ್ಜಿನ್ ಇಂಟರಾಕ್ಟಿವ್ ಅನ್ನೋ ಕಂಪನಿ 1994ರ ಸುಮಾರಿಗೆ ಗೇಮ್ ತಂತು. ಟೀವಿಗೆ ಜೋಡಿಸೋ ಸೆಟ್‌ಗಳಿಗೂ ಬಂತು, ಕೈಯಲ್ಲಿ ಹಿಡಿಯೋ ಎರಡು ಸಾಧನಗಳಿಗೂ ಬಂತು. ಒಂದು ನಿಂಟೆಂಡೋದ ಗೇಮ್ ಬಾಯ್, ಇನ್ನೊಂದು ಸೆಗಾದ ಗೇಮ್ ಗಿಯರ್. ಗೇಮ್ ಬಾಯ್ ಅಂದ್ರೆ 1989ರಲ್ಲಿ ಬಂದ ಡಬ್ಬಿ. ನಾಲ್ಕು ಪೆನ್ಸಿಲ್ ಸೆಲ್ ಹಾಕಬೇಕು. ಸ್ಕ್ರೀನ್ 160ಕ್ಕೆ 144 ಚುಕ್ಕಿ ಅಷ್ಟೇ. ಬಣ್ಣ ಇಲ್ಲ. ಪಾಚಿ ಕಟ್ಟಿದ ನೀರಿನ ಥರದ ಒಂದು ಹಸಿರು, ಅದರಲ್ಲೇ ನಾಲ್ಕು ಛಾಯೆ. ಅಷ್ಟರಲ್ಲೇ ಇಡೀ ಕಾಡು ತೋರಿಸಬೇಕು.

ಆಟ ಸರಳ. ಒಂದೊಂದು ಹಂತದಲ್ಲೂ ಹರಳುಗಳು ಅಲ್ಲಲ್ಲಿ ಬಿದ್ದಿರುತ್ತೆ. ಹೇಳಿದಷ್ಟು ಹರಳು ಆರಿಸ್ಕೋಬೇಕು, ಮುಂದಿನ ಹಂತಕ್ಕೆ ದಾರಿ ಹುಡುಕಬೇಕು. ಕಡೆಯಲ್ಲಿ ಹುಲಿ ಶೇರ್ ಖಾನ್ ಎದುರಾಗುತ್ತೆ. ಇದೆಲ್ಲ ನಡೀತಿರುವಾಗ ಗಡಿಯಾರ ಓಡ್ತಾನೇ ಇರುತ್ತೆ. ಟೈಮ್ ಮುಗಿದ್ರೆ ಒಂದು ಜೀವ ಹೋಯ್ತು. ಕಾಡಲ್ಲಿ ಸುಮ್ನೆ ನಿಂತು ಸುತ್ತಮುತ್ತ ನೋಡೋಕೆ ಪುರಸೊತ್ತೇ ಇಲ್ಲ.

ನಮ್ಮ ಕಡೆ ಗೇಮ್ ಬಾಯ್ ಯಾರೂ ನೋಡಿರಲಿಲ್ಲ ಬಿಡಿ. ನಾನು ಹುಣಸೂರಿನವಳು. ಚಿಕ್ಕವಳಿದ್ದಾಗ ನಮಗೆ ಸಿಗ್ತಿದ್ದಿದ್ದು ಜಾತ್ರೆ ಅಂಗಡಿಯ ಬ್ರಿಕ್ ಗೇಮ್. ಮೇಲೆ ‘9999 ಇನ್ 1’ ಅಂತ ಬರೆದಿರ್ತಿತ್ತು, ಒಳಗೆ ನೋಡಿದ್ರೆ ಅದೇ ಇಟ್ಟಿಗೆ ಬೀಳೋ ಆಟ, ಅದೇ ಕಾರ್ ರೇಸು. ಸ್ವಲ್ಪ ಅನುಕೂಲಸ್ಥರ ಮನೇಲಿ ಟೀವಿಗೆ ಹಾಕೋ ವಿಡಿಯೋ ಗೇಮ್ ಇರ್ತಿತ್ತು, ಹಳದಿ ಕ್ಯಾಸೆಟ್ ಚುಚ್ಚಿ ಆಡೋದು. ಮೋಗ್ಲಿ ಹೆಸರು ಮಾತ್ರ ಎಲ್ಲರಿಗೂ ಗೊತ್ತಿತ್ತು. ನಮ್ಮ ಅಣ್ಣ ಅಕ್ಕಂದಿರ ಕಾಲದಲ್ಲಿ, 1990ರ ದಶಕದಲ್ಲಿ, ಭಾನುವಾರ ದೂರದರ್ಶನದಲ್ಲಿ ಜಪಾನಿನ ಮೋಗ್ಲಿ ಕಾರ್ಟೂನು ಹಿಂದಿಯಲ್ಲಿ ಬರ್ತಿತ್ತಲ್ಲ, ಅದರಿಂದ.

ಈ ಗೇಮ್ ನನ್ನ ಕೈಗೆ ಬಂದಿದ್ದು ತೀರಾ ಈಚೆಗೆ. 2021ರಲ್ಲಿ ಅಲ್ಲಾದೀನ್, ಲಯನ್ ಕಿಂಗ್ ಜೊತೆಗೆ ಜಂಗಲ್ ಬುಕ್ಕನ್ನೂ ಸೇರಿಸಿ ಹಳೇ ಡಿಸ್ನಿ ಗೇಮ್‌ಗಳ ಒಂದು ಸಂಗ್ರಹ ಬಿಡುಗಡೆ ಮಾಡಿದ್ರು. ದುಬೈನಲ್ಲಿರೋ ನಮ್ಮ ಚಿಕ್ಕಮ್ಮನ ಮಗ ರಜೆಗೆ ಬಂದಾಗ ನಿಂಟೆಂಡೋ ಸ್ವಿಚ್ ತಂದಿದ್ದ, ಅದರಲ್ಲಿ ಇದು ಇತ್ತು. ಎರಡು ದಿನ ಬಿಡದೆ ಆಡಿದೆ. ಒಂದು ಹಂತದ ಹೆಸರು ‘ಡಾನ್ ಪೆಟ್ರೋಲ್’, ಅಂದ್ರೆ ಮುಂಜಾನೆ ಗಸ್ತು. ಸಿನಿಮಾದಲ್ಲಿ ಹಾಥಿ ಅನ್ನೋ ಆನೆ ತನ್ನ ಹಿಂಡನ್ನ ಮಿಲಿಟರಿ ಪರೇಡ್ ಥರ ಸಾಲಾಗಿ ಕರ್ಕೊಂಡು ಹೋಗುತ್ತಲ್ಲ, ಅದೇ. ಆ ಹೆಸರು ನೋಡಿದ ಮೇಲೆ ಕಾರಾಪುರದ ಹುಡುಗನ ಕಥೆ ಹುಡುಕ್ಕೊಂಡು ಹೊರಟೆ.

ಆ ಹುಡುಗನ ಹೆಸರು ಸಾಬು. ಹುಟ್ಟಿದ್ದು 1924ರ ಜನವರಿ 27ರಂದು. ಅಪ್ಪ ಮಾವುತ. ಸಾಬು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ್ರು, ಹುಡುಗ ಮೈಸೂರು ಮಹಾರಾಜರ ಆನೆ ಲಾಯದಲ್ಲಿ ಬೆಳೆದ. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಅನ್ನೋ ನಿರ್ದೇಶಕನ ತಂಡ ಮೈಸೂರಿಗೆ ಬಂತು. ರುಡ್ಯಾರ್ಡ್ ಕಿಪ್ಲಿಂಗ್ ಬರೆದ ‘ಟೂಮಾಯ್ ಆಫ್ ದಿ ಎಲಿಫೆಂಟ್ಸ್’ ಕಥೆಯನ್ನ ಸಿನಿಮಾ ಮಾಡೋಕೆ ಅವರಿಗೆ ಒಬ್ಬ ಮಾವುತರ ಹುಡುಗ ಬೇಕಾಗಿತ್ತು. ಕಣ್ಣಿಗೆ ಬಿದ್ದಿದ್ದು ಹನ್ನೊಂದು ವರ್ಷದ ಸಾಬು.

ಆ ಸಿನಿಮಾನೇ ‘ಎಲಿಫೆಂಟ್ ಬಾಯ್’, 1937ರಲ್ಲಿ ಬಂತು. ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೊರ್ಡಾ ಇಬ್ಬರೂ ನಿರ್ದೇಶಕರು. ಮೈಸೂರು ಸೀಮೆಯ ಕಾಡಲ್ಲಿ ಅರ್ಧ, ಲಂಡನ್ ಹತ್ತಿರದ ಸ್ಟುಡಿಯೋದಲ್ಲಿ ಅರ್ಧ ಚಿತ್ರೀಕರಣ. ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಬಹುಮಾನ ಬಂತು. ಹುಡುಗ ವಾಪಸ್ ಕಾರಾಪುರಕ್ಕೆ ಬಂದು ನೆಲೆಸಲಿಲ್ಲ. ‘ದಿ ಥೀಫ್ ಆಫ್ ಬಗ್ದಾದ್’ ಬಂತು, ಆಮೇಲೆ 1942ರಲ್ಲಿ ‘ಜಂಗಲ್ ಬುಕ್’. ಅದರಲ್ಲಿ ಸಾಬುನೇ ಮೋಗ್ಲಿ. ಆ ಕಾಡು ಇದ್ದಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ! ಮುಂದೆ ಅಮೆರಿಕದ ಪೌರ ಆದ, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಹಿಂಬದಿ ಗನ್ನರ್ ಆಗಿ ಕೆಲಸ ಮಾಡಿದ, ಪದಕ ಪಡೆದ. 1963ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ಬರೀ 39.

ಡಿಸ್ನಿಯ ಕಾರ್ಟೂನು ಬರೋಕೆ ಇನ್ನೂ ನಾಲ್ಕು ವರ್ಷ ಇತ್ತು. ಕಾರ್ಟೂನ್ ಮೋಗ್ಲಿಯನ್ನ ಸಾಬುವನ್ನ ನೋಡ್ಕೊಂಡೇ ಬರೆದ್ರು ಅಂತ ನಾನು ಹೇಳ್ತಿಲ್ಲ. ಆದ್ರೆ ಅದಕ್ಕೂ 25 ವರ್ಷ ಮೊದಲೇ ತೆರೆ ಮೇಲೆ ಮೋಗ್ಲಿಗೆ ಒಂದು ಮುಖ ಸಿಕ್ಕಿತ್ತು. ಆ ಮುಖ ನಮ್ಮೂರ ಕಡೆಯದು.

ಸರಿ, ಮಾವುತರ ಮಗ ಕಾರಾಪುರದಲ್ಲಿ ಯಾಕೆ ಹುಟ್ಟಿದ? ಇದಕ್ಕೆ ಉತ್ತರ ಖೆಡ್ಡಾ.

ಕಾಡಾನೆಗಳನ್ನ ಹಿಂಡು ಹಿಂಡಾಗಿ ಓಡಿಸ್ಕೊಂಡು ಬಂದು, ಕಂದಕ ಮತ್ತು ಮರದ ದಿಮ್ಮಿಗಳ ಬೇಲಿಯೊಳಗೆ ಕೂಡಿ ಹಿಡಿಯೋದಕ್ಕೆ ಖೆಡ್ಡಾ ಅಂತಾರೆ. ಮೈಸೂರು ಸೀಮೆಯಲ್ಲಿ ಇದನ್ನ ಮೊದಲು ಸರಿಯಾಗಿ ಮಾಡಿ ತೋರಿಸಿದ್ದು ಜಿ.ಪಿ. ಸ್ಯಾಂಡರ್ಸನ್ ಅನ್ನೋ ಇಂಗ್ಲಿಷ್ ಅಧಿಕಾರಿ, 1870ರ ದಶಕದಲ್ಲಿ, ಚಾಮರಾಜನಗರದ ಕಡೆ. ಅವನು 1878ರ ತನ್ನ ಪುಸ್ತಕದಲ್ಲಿ ಒಂದು ಮಜಾ ವಿಷಯ ಬರೆದಿದ್ದಾನೆ. ಅವನಿಗಿಂತ ನೂರು ವರ್ಷ ಮೊದಲು ಹೈದರ್ ಅಲಿ ಕಾಕನಕೋಟೆ ಕಾಡಲ್ಲಿ ಇದನ್ನ ಪ್ರಯತ್ನಿಸಿ ಸೋತಿದ್ದನಂತೆ. ಇನ್ನು ಯಾರ ಕೈಲೂ ಇದು ಆಗಲ್ಲ, ಪ್ರಯತ್ನ ಮಾಡಿದವರಿಗೆ ಶಾಪ ತಟ್ಟಲಿ ಅಂತ ಕಲ್ಲಲ್ಲಿ ಕೆತ್ತಿಸಿದ್ದನಂತೆ. ಕಿಪ್ಲಿಂಗ್‌ನ ಟೂಮಾಯ್ ಕಥೆಯಲ್ಲಿ ಆನೆ ಹಿಡಿಸೋ ಪೀಟರ್ಸನ್ ಸಾಹೇಬ ಅಂತ ಒಬ್ಬ ಬರ್ತಾನಲ್ಲ, ಅವನಿಗೆ ಈ ಸ್ಯಾಂಡರ್ಸನ್ನೇ ಮಾದರಿ ಅಂತ ಅನೇಕರು ಹೇಳ್ತಾರೆ.

ಆಮೇಲೆ ಕಾಕನಕೋಟೆಯೇ ಖೆಡ್ಡಾಕ್ಕೆ ಹೆಸರಾಯ್ತು. ಆನೆಗಳನ್ನ ಕಬಿನಿ ಹೊಳೆಗೆ ಇಳಿಸಿ, ಹೊಳೆ ದಾಟಿಸಿ ಹಿಡಿಯೋದು ಇಲ್ಲಿನ ವಿಶೇಷ. ವೈಸ್‌ರಾಯ್‌ಗಳು, ಬೇರೆ ದೇಶದ ಅತಿಥಿಗಳು ನೋಡೋಕೆ ಬರ್ತಿದ್ರು. ಮಹಾರಾಜರ ಬಿಡಾರ ಇದ್ದಿದ್ದು ಕಾರಾಪುರದಲ್ಲಿ. ಈಗ ಅಲ್ಲೇ ಸರ್ಕಾರದ ಜಂಗಲ್ ಲಾಡ್ಜಸ್‌ನ ಕಬಿನಿ ರಿವರ್ ಲಾಡ್ಜ್ ಇದೆ. ಕಾಡಾನೆ ಎಲ್ಲಿದೆ, ಎತ್ತ ಹೋಗುತ್ತೆ, ಯಾವ ಹೊತ್ತಿಗೆ ನೀರಿಗೆ ಇಳಿಯುತ್ತೆ ಅಂತ ಗೊತ್ತಿದ್ದಿದ್ದು ಯಾರಿಗೆ? ಅಲ್ಲಿನ ಕುರುಬರಿಗೆ. ಜೇನುಕುರುಬರು, ಬೆಟ್ಟಕುರುಬರು. ಹೆಜ್ಜೆ ಹುಡುಕೋರು, ಹಿಂಡು ಓಡಿಸೋರು, ಹಿಡಿದ ಆನೆ ಪಳಗಿಸೋರು, ಎಲ್ಲ ಕಡೆ ಅವರಿದ್ರು. ಇವತ್ತಿಗೂ ದಸರಾ ಆನೆಗಳ ಮಾವುತರು, ಕಾವಾಡಿಗಳಲ್ಲಿ ಎಷ್ಟೋ ಜನ ಆ ಸಮುದಾಯದವರೇ.

ಕಡೇ ಖೆಡ್ಡಾ ನಡೆದಿದ್ದು 1971ರಲ್ಲಿ. ಅದಕ್ಕೂ ಮೊದಲು, 1968ರ ಖೆಡ್ಡಾದಲ್ಲಿ ಸಿಕ್ಕ ಒಂದು ಆನೆ ನಿಮಗೆಲ್ಲ ಗೊತ್ತು: ಅರ್ಜುನ! ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಕಾರ್ಯಾಚರಣೆಯಲ್ಲಿ ಕಾಡಾನೆ ಜೊತೆ ಕಾದಾಡಿ ಸತ್ತ ದಿನ ನಮ್ಮ ಕಡೆ ಎಷ್ಟೋ ಜನರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅವನೇ ಇದ್ದ.

ಈಗ ಕಥೆಗೆ ಬರೋಣ. ಕಿಪ್ಲಿಂಗ್ ಪುಸ್ತಕ ಬಂದಿದ್ದು 1894ರಲ್ಲಿ, ಎರಡನೇ ಭಾಗ 1895ರಲ್ಲಿ. ಮೋಗ್ಲಿ ಕಥೆ ನಡೆಯೋದು ಮಧ್ಯ ಭಾರತದ ಸಿವನಿ ಕಾಡಲ್ಲಿ. ಪುಸ್ತಕದಲ್ಲಿ ಊರು ಅಂದ್ರೆ ಒಳ್ಳೇ ಜಾಗ ಏನಲ್ಲ. ಮೋಗ್ಲಿ ಊರಿಗೆ ಹೋಗ್ತಾನೆ, ದನ ಕಾಯ್ತಾನೆ, ಶೇರ್ ಖಾನ್‌ನ ಕೊಲ್ಲಿಸ್ತಾನೆ. ಅಷ್ಟಾದ ಮೇಲೆ ಊರ ಜನ ಇವನು ಮಾಟಗಾರ ಅಂತ ಕಲ್ಲು ಹೊಡೆದು ಓಡಿಸ್ತಾರೆ. ಎರಡನೇ ಪುಸ್ತಕದಲ್ಲಿ ಸಿಟ್ಟು ಇನ್ನೂ ಜಾಸ್ತಿ. ಮೋಗ್ಲಿ ಹಾಥಿ ಆನೆಯನ್ನ ಕರೆಸ್ತಾನೆ. ಹಾಥಿ, ಅದರ ಮೂರು ಗಂಡು ಮರಿಗಳು, ಜಿಂಕೆ, ಹಂದಿ ಎಲ್ಲ ಸೇರಿ ಊರಿನ ಬೆಳೆ ಮೇಯ್ದು, ಮನೆ ಕೆಡವಿ, ಇಡೀ ಊರನ್ನ ಕಾಡಾಗಿ ಮಾಡಿಬಿಡ್ತಾವೆ. ಅಂತರಸಂತೆ ಕಡೆ ರಾಗಿ ಹೊಲದ ಅಟ್ಟಣೆ ಮೇಲೆ ರಾತ್ರಿಯಿಡೀ ಕಾವಲು ಕೂತವರಿಗೆ ಈ ಅಧ್ಯಾಯ ಓದಿ ಹೇಳಿದ್ರೆ, ಕಥೆ ಅಂತ ಅನ್ನಿಸೋದೇ ಇಲ್ಲ.

ಡಿಸ್ನಿ ಇದನ್ನೆಲ್ಲ ತೆಗೆದು ಹಾಕಿದ್ರು. ವಾಲ್ಟ್ ಡಿಸ್ನಿ ತನ್ನ ಬರಹಗಾರನಿಗೆ ಮೊದಲು ಆ ಪುಸ್ತಕ ಓದಬೇಡ ಅಂತಾನೇ ಹೇಳಿದ್ರಂತೆ. ಸಿನಿಮಾದಲ್ಲಿ ಒಂದೇ ಗುರಿ: ಹುಡುಗ ಕಾಡಲ್ಲಿ ಇರೋದು ಅಪಾಯ, ಅವನನ್ನ ಮನುಷ್ಯರ ಊರಿಗೆ ತಲುಪಿಸಬೇಕು. ಬಘೀರ ಅದಕ್ಕೇ ಕರ್ಕೊಂಡು ಹೊರಡುತ್ತೆ. ಹುಡುಗ ‘ನಾನು ಬರಲ್ಲ, ಇಲ್ಲೇ ಇರ್ತೀನಿ’ ಅಂತ ಹಠ ಮಾಡ್ತಾನೆ. ಕೊನೆಗೆ ನೀರಿನ ಕೊಡ ಹೊತ್ತ ಒಂದು ಹುಡುಗಿಯ ಹಿಂದೆ ತಾನಾಗೇ ಹೋಗಿಬಿಡ್ತಾನೆ. ಎಲ್ಲರಿಗೂ ಸಮಾಧಾನ.

ಗೇಮ್ ತಗೊಂಡಿದ್ದು ಈ ಕಥೆಯನ್ನ. ಸಿನಿಮಾದಲ್ಲಿ ಹುಡುಗನ ಹಠಕ್ಕೆ ಸ್ವಲ್ಪ ಜಾಗ ಇತ್ತು. ಗೇಮ್‌ನಲ್ಲಿ ಅದೂ ಇಲ್ಲ. ನೀವು ಮುಂದೆ ಹೋಗದೆ ನಿಂತ್ರೆ ಗಡಿಯಾರ ನಿಮ್ಮನ್ನ ಸಾಯಿಸುತ್ತೆ.

ಎಚ್.ಡಿ. ಕೋಟೆಯಲ್ಲಿ ನನ್ನ ಗೆಳತಿಯೊಬ್ಬಳು ಒಂದು ಹಾಡಿಯ ಮಕ್ಕಳಿಗೆ ಸಂಜೆ ಪಾಠ ಹೇಳ್ತಾಳೆ. ಒಂದಿನ ಅವಳ ಜೊತೆ ಹೋದಾಗ ಸ್ವಿಚ್ ತಗೊಂಡು ಹೋಗಿದ್ದೆ. ಆ ಮಕ್ಕಳಿಗೆ ಮೊಬೈಲ್ ಗೇಮ್ ಹೊಸದೇನಲ್ಲ, ಗನ್ ಹಿಡಿದು ಆಡೋದೆಲ್ಲ ನನಗಿಂತ ಚೆನ್ನಾಗಿ ಆಡ್ತಾರೆ. ಹನ್ನೆರಡು ವರ್ಷದ ಒಬ್ಬ ಹುಡುಗ ಮೋಗ್ಲಿ ಆಡೋಕೆ ಕೂತ. ಮೂರೇ ನಿಮಿಷದಲ್ಲಿ ಬಟನ್ ಎಲ್ಲ ಕಲಿತ. ಆದ್ರೆ ಮುಂದೆ ಹೋಗ್ತಾನೇ ಇರಲಿಲ್ಲ. ಮರ ಹತ್ತಿ, ಅಲ್ಲಿಂದ ಇಳಿದು, ಇನ್ನೊಂದು ಮರ ಹತ್ತಿ, ಮೇಲೆ ಏನಿದೆ ನೋಡ್ತಿದ್ದ. ಟೈಮ್ ಮುಗೀತು, ಔಟ್. ಮತ್ತೆ ಆಡಿದ, ಮತ್ತೆ ಅದೇ.

‘ಅಕ್ಕಾ, ಈ ಟೈಮು ಯಾಕೆ ಓಡ್ತದೆ?’ ಅಂದ.

‘ಅಷ್ಟರೊಳಗೆ ಅವನು ಊರಿಗೆ ಹೋಗಬೇಕು ಕಣೋ.’

‘ಊರಲ್ಲಿ ಯಾರವ್ರೆ ಅವನಿಗೆ?’

ನಾನು ಸಿನಿಮಾದ ಹುಡುಗಿ ಕಥೆ ಹೇಳಿದೆ. ಉಳಿದ ಮಕ್ಕಳು ನಕ್ಕರು. ಅವನು ಸ್ವಿಚ್ಚನ್ನ ಪಕ್ಕದವನಿಗೆ ಕೊಟ್ಟು, ‘ಆನೆ ಬಂದಾಗ ಕರಿ’ ಅಂತ ಹೇಳಿ ಎದ್ದು ಹೋದ.

ಇದನ್ನ ದೊಡ್ಡದು ಮಾಡಿ ಹೇಳಲ್ಲ. ಹುಡುಗ ಆಟದ ಬಗ್ಗೆ ಕೇಳಿದ, ಅಷ್ಟೇ. ಆದ್ರೆ ಅವನ ಪ್ರಶ್ನೆ ಅವನ ಅಜ್ಜಂದಿರ ಕಾಲದ ಲೆಕ್ಕಕ್ಕೂ ಸರಿಹೊಂದುತ್ತೆ. ಆ ಲೆಕ್ಕ ಒಂದ್ಸಲ ನೋಡೋಣ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೀಚನಹಳ್ಳಿ ಹತ್ತಿರ ಕಬಿನಿ ಅಣೆಕಟ್ಟು ಮುಗೀತು. ಹಿನ್ನೀರಲ್ಲಿ ಹಳ್ಳಿಗಳೂ, ಹಾಡಿಗಳೂ, ಖೆಡ್ಡಾ ನಡೀತಿದ್ದ ಹೊಳೆದಂಡೆಯೂ ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಹುಲ್ಲು ಮೇಯೋಕೆ ನೂರಾರು ಆನೆ ಬರೋದನ್ನ ನೀವು ರೀಲ್ಸ್‌ನಲ್ಲಿ ನೋಡಿರ್ತೀರಿ. ಆ ಹುಲ್ಲಿನ ಕೆಳಗಿರೋದು ಮುಳುಗಿದ ಜಮೀನು. ನಾಗರಹೊಳೆ ರಾಷ್ಟ್ರೀಯ ಉದ್ಯಾನ ಆಯ್ತು, ಆಮೇಲೆ ಹುಲಿ ಮೀಸಲು ಪ್ರದೇಶ ಆಯ್ತು. ಒಳಗಿದ್ದ ಹಾಡಿಗಳನ್ನ ಒಂದೊಂದಾಗಿ ಆಚೆಗೆ ತಂದ್ರು. ನಮ್ಮ ಹುಣಸೂರು ತಾಲ್ಲೂಕಿನ ನಾಗಾಪುರ ಹಾಡಿಗಳು ಹಾಗೆ ಬಂದವರ ಪುನರ್ವಸತಿ ಊರು.

ನಾನು ಬಿ.ಕಾಂ. ಓದಿದವಳು, ದುಡ್ಡಿನ ಲೆಕ್ಕ ನೋಡದೆ ಇರೋಕೆ ಆಗಲ್ಲ. ಹುಲಿ ಮೀಸಲು ಪ್ರದೇಶದಿಂದ ಸ್ವಇಚ್ಛೆಯಿಂದ ಆಚೆ ಬರೋ ಒಂದು ಕುಟುಂಬಕ್ಕೆ ಕೇಂದ್ರದ ಪ್ಯಾಕೇಜ್ ಮೊದಲು 10 ಲಕ್ಷ ರೂಪಾಯಿ ಇತ್ತು, 2021ರಲ್ಲಿ 15 ಲಕ್ಷ ಆಯ್ತು. 2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೀತು: ದೇಶದ ಹುಲಿ ಮೀಸಲುಗಳ ಒಳಭಾಗದಲ್ಲಿ ಇನ್ನೂ 591 ಹಳ್ಳಿ, 64,801 ಕುಟುಂಬ ಇವೆ, ಸ್ಥಳಾಂತರಕ್ಕೆ ಆದ್ಯತೆ ಕೊಡಿ ಅಂತ. ಇದು ಒಂದು ಕಡೆಯ ಗಡಿಯಾರ.

ಇನ್ನೊಂದು ಕಡೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. 2005ರ ಡಿಸೆಂಬರ್ 13ಕ್ಕೂ ಮೊದಲಿಂದ ಕಾಡಲ್ಲಿರೋ ಬುಡಕಟ್ಟು ಜನರಿಗೆ ಅಲ್ಲಿರೋ, ಉಳುಮೆ ಮಾಡೋ, ಜೇನು, ಗೆಡ್ಡೆ, ಸೀಗೆ ಥರದ್ದು ಸಂಗ್ರಹಿಸೋ ಹಕ್ಕು ಕೊಡುತ್ತೆ. ವನ್ಯಜೀವಿಗಾಗಿ ಎಬ್ಬಿಸಬೇಕಾದ್ರೂ ಮೊದಲು ಹಕ್ಕು ತೀರ್ಮಾನ ಆಗಿರಬೇಕು, ಗ್ರಾಮಸಭೆಯ ಲಿಖಿತ ಒಪ್ಪಿಗೆ ಇರಬೇಕು ಅನ್ನುತ್ತೆ. 2025ರ ಮೇ ತಿಂಗಳಲ್ಲಿ ಕೊಡಗಿನ ಕಡೆ, ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಜೇನುಕುರುಬ ಕುಟುಂಬಗಳು ವಾಪಸ್ ಹೋಗಿ ಗುಡಿಸಲು ಹಾಕಿದ್ದು ನೆನಪಿದೆಯಾ? ದಶಕಗಳ ಹಿಂದೆ ನಮ್ಮನ್ನ ಇಲ್ಲಿಂದ ಎಬ್ಬಿಸಿದ್ರು, ಇದು ನಮ್ಮ ಹಿರಿಯರ ಜಾಗ ಅಂತ ಅವರ ವಾದ. ಅರಣ್ಯ ಇಲಾಖೆ ಅದನ್ನ ಒಪ್ಪಲಿಲ್ಲ. ಅಂದ್ರೆ ಗೇಮ್ ಮುಗಿದ ಮೇಲೂ ಮೋಗ್ಲಿ ವಾಪಸ್ ನಡ್ಕೊಂಡು ಬಂದಿದ್ದಾನೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಕಾಡಲ್ಲೇ ಇರೋದು ಒಳ್ಳೇದು, ಆಚೆ ಬರೋದು ಕೆಟ್ಟದ್ದು ಅಂತ ನಾನು ತೀರ್ಪು ಕೊಡ್ತಿಲ್ಲ. ಊರಲ್ಲಿ ಕರೆಂಟಿದ್ದ ಮನೇಲಿ ಕೂತು ಹಾಗೆ ಹೇಳೋದು ಸುಲಭ. ರಾತ್ರಿ ಹೆರಿಗೆ ನೋವು ಬಂದ್ರೆ ಜೀಪು ಸಿಗಬೇಕು. ಮಕ್ಕಳಿಗೆ ಹೈಸ್ಕೂಲು ಬೇಕು, ಬಸ್ ಬೇಕು, ನೆಟ್‌ವರ್ಕ್ ಬೇಕು. ಆಚೆಗೆ ಬಂದು ಇಲ್ಲೇ ಚೆನ್ನಾಗಿದೆ ಅನ್ನೋರೂ ಇದ್ದಾರೆ, ಕೊಟ್ಟ ಜಮೀನಲ್ಲಿ ಬೆಳೆ ಕೈಗೆ ಸಿಗದೆ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗೋರೂ ಇದ್ದಾರೆ. ಹುಲಿ, ಆನೆಗೂ ಜಾಗ ಬೇಕು, ಅದೂ ಸತ್ಯ. ಆದ್ರೆ ಹೋಗೋದೋ ಇರೋದೋ ಅಂತ ತೀರ್ಮಾನ ಮಾಡೋ ಬಟನ್ ಯಾರ ಕೈಲಿದೆ, ಗಡಿಯಾರಕ್ಕೆ ಕೀ ಕೊಟ್ಟೋರು ಯಾರು, ಇದು ನನ್ನ ಪ್ರಶ್ನೆ. ಕಾರ್ಟೂನಿನ ಮೋಗ್ಲಿಗೆ ಅದನ್ನ ಬಘೀರ ತೀರ್ಮಾನ ಮಾಡುತ್ತೆ. ಗೇಮಲ್ಲಿ ಸಾಫ್ಟ್‌ವೇರ್ ಮಾಡುತ್ತೆ. ಮೋಗ್ಲಿಯನ್ನ ಯಾರೂ ಕೇಳಲ್ಲ.

ಮಕ್ಕಳ ಗೇಮಿಗೆ ಇಷ್ಟೆಲ್ಲ ಯಾಕೆ ಅಂತೀರಾ? ಗೇಮ್ ನಿಯಮ ನಮಗೆ ಪಾಠದ ಥರ ಕಾಣಲ್ಲ, ಅದಕ್ಕೇ. ಪುಸ್ತಕದಲ್ಲಿ ಓದಿದ್ರೆ ಒಪ್ಪಲ್ಲ ಅಂತ ಹೇಳಬಹುದು. ಗೇಮಲ್ಲಿ ಒಪ್ಪದಿದ್ರೆ ಔಟ್. ನೂರು ಸಲ ಆಡಿದ್ರೆ ಬೆರಳಿಗೆ ಅಭ್ಯಾಸ ಆಗುತ್ತೆ: ಕಾಡು ಅಂದ್ರೆ ದಾಟೋ ಜಾಗ, ಅಲ್ಲಿರೋದೆಲ್ಲ ಶತ್ರು ಇಲ್ಲಾಂದ್ರೆ ಆರಿಸ್ಕೊಳ್ಳೋ ಹರಳು. ಸಫಾರಿ ಜೀಪಲ್ಲಿ ಮೂರು ಗಂಟೆ ಕೂತು ‘ಹುಲಿ ಸಿಗಲಿಲ್ಲ, ವೇಸ್ಟ್ ಆಯ್ತು’ ಅಂತ ಬೈಯ್ಯೋ ನಾವೆಲ್ಲ ಇದೇ ನಿಯಮದಲ್ಲಿ ಬೆಳೆದವರು ಅನ್ಸುತ್ತೆ ನನಗೆ.

ಇನ್ನು ವ್ಯಾಪಾರದ ಲೆಕ್ಕ. ಕಿಪ್ಲಿಂಗ್ ಪುಸ್ತಕದಿಂದ ಸಿನಿಮಾ, ಸಿನಿಮಾದಿಂದ ಕಾರ್ಟೂನು, ಕಾರ್ಟೂನಿಂದ ಗೇಮು, ಇಪ್ಪತ್ತೇಳು ವರ್ಷ ಬಿಟ್ಟು ಅದೇ ಗೇಮು ಮತ್ತೆ ಮಾರಾಟ. ಈ ಸರಪಳಿಯ ಪ್ರತಿ ಕೊಂಡಿಯಲ್ಲೂ ಯಾರೋ ಲೈಸೆನ್ಸ್ ದುಡ್ಡು ಕಟ್ಟಿದ್ದಾರೆ, ಯಾರೋ ಪಡೆದಿದ್ದಾರೆ. ಆನೆ ವಿದ್ಯೆ ಗೊತ್ತಿದ್ದವರ ಹೆಸರಲ್ಲಿ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಆದ್ರೆ ಒಂದು ಒಳ್ಳೇ ಸುದ್ದಿ ಇದೆ. ಕಿಪ್ಲಿಂಗ್ ತೀರಿಕೊಂಡಿದ್ದು 1936ರಲ್ಲಿ. ಈಗಿನ ಭಾರತದ ಕಾನೂನಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕುಸ್ವಾಮ್ಯ. ಅಂದ್ರೆ ಮೋಗ್ಲಿ ಕಥೆ ಈಗ ಎಲ್ಲರದು. ಡಿಸ್ನಿ ಬರೆದ ಮೋಗ್ಲಿಯ ಚಿತ್ರ, ಹಾಡು ಮುಟ್ಟೋ ಹಾಗಿಲ್ಲ ಅಷ್ಟೇ. ಹೈದರಾಬಾದಿನ ಡಿಕ್ಯೂ ಎಂಟರ್ಟೈನ್ಮೆಂಟ್ ಕಂಪನಿ 2010ರಿಂದ ತನ್ನದೇ ಮೋಗ್ಲಿ ಕಾರ್ಟೂನ್ ಸೀರೀಸ್ ಮಾಡಿದ್ದು ಹೀಗೇನೇ.

ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಕಥೆಯೇ ಇದೆ. ‘ಕಾಕನಕೋಟೆ’ ಅಂತ ಮಾಸ್ತಿ ವೆಂಕಟೇಶ ಅಯ್ಯಂಗಾರರು ನಾಟಕ ಬರೆದಿದ್ದಾರೆ. ಕಾಡುಕುರುಬರ ಕಥೆ. 1970ರ ದಶಕದಲ್ಲಿ ಸಿ.ಆರ್. ಸಿಂಹ ಅದನ್ನ ಸಿನಿಮಾ ಮಾಡಿದ್ರು, ಲೋಕೇಶ್ ಅದರಲ್ಲಿ ನಟಿಸಿದ್ರು. ಸಿ. ಅಶ್ವತ್ಥ್ ಸಿನಿಮಾ ಸಂಗೀತಕ್ಕೆ ಕಾಲಿಟ್ಟಿದ್ದೂ ಅದರಲ್ಲೇ. ಮಾಸ್ತಿ ತೀರಿಕೊಂಡಿದ್ದು 1986ರಲ್ಲಿ, ಹಾಗಾಗಿ ಆ ನಾಟಕ ಬಳಸಬೇಕಾದ್ರೆ 2046 ಮುಗಿಯೋವರೆಗೂ ಅನುಮತಿ ಬೇಕು. ಕಾಕ ಅನ್ನೋ ಹೆಸರಿಗಾಗಲಿ, ಕಾಡಿನ ಹಾಡು, ನಂಬಿಕೆಗಳಿಗಾಗಲಿ ಯಾವ ಕಂಪನಿಯ ಹಕ್ಕೂ ಇಲ್ಲ.

ಬೆಂಗಳೂರಲ್ಲಿ ಗೇಮ್ ಸ್ಟುಡಿಯೋದಲ್ಲಿ ಕೆಲಸ ಮಾಡೋ ನಮ್ಮ ಕೇಳುಗರು ಸುಮಾರು ಜನ ಇದ್ದೀರಿ, ಮೆಸೇಜ್ ಮಾಡ್ತಿರ್ತೀರಿ. ನಿಮಗೊಂದು ಕೆಲಸ ಹೇಳ್ತೀನಿ. ಒಂದು ಚಿಕ್ಕ ಫೋನ್ ಗೇಮ್ ಮಾಡಿ. ಕಾಕನಕೋಟೆ ಕಾಡು. ಗಡಿಯಾರ ಬೇಡ. ಹೆಜ್ಜೆ ನೋಡಿ ಆನೆ ಎತ್ತ ಹೋಗಿದೆ ಅಂತ ಕಂಡು ಹಿಡಿದ್ರೆ ಪಾಯಿಂಟು. ಯಾವ ಮರದಲ್ಲಿ ಯಾವ ತಿಂಗಳು ಜೇನು ಕಟ್ಟುತ್ತೆ, ಎಷ್ಟು ಕಿತ್ತು ಎಷ್ಟು ಬಿಡಬೇಕು ಅಂತ ಗೊತ್ತಿದ್ರೆ ಪಾಯಿಂಟು. ರಾಗಿ ಹೊಲಕ್ಕೆ ನುಗ್ಗೋ ಸಲಗವನ್ನ ಯಾರಿಗೂ ಏಟಾಗದ ಹಾಗೆ ವಾಪಸ್ ಕಳಿಸಿದ್ರೆ ದೊಡ್ಡ ಪಾಯಿಂಟು. ಮಾತು ಕನ್ನಡದಲ್ಲೂ ಇರಲಿ, ಜೇನುಕುರುಬರ ನುಡಿಯಲ್ಲೂ ಇರಲಿ. ಇದೆಲ್ಲ ಹೇಳಿಕೊಡೋಕೆ ಹಾಡಿಗಳಲ್ಲಿ ಜನ ಇದ್ದಾರೆ. ಅವರನ್ನ ಒಂದು ದಿನ ಕರೆಸಿ ಫೋಟೋ ತೆಗೆದು ಕಳಿಸೋದಲ್ಲ. ಒಪ್ಪಂದ ಬರೆದು, ಹೆಸರು ಹಾಕಿ, ಪಾಲು ಕೊಟ್ಟು ಮಾಡಿ. ಗೇಮ್ ಬಾಯ್‌ನ ನಾಲ್ಕು ಛಾಯೆ ಹಸಿರಲ್ಲಿ ಒಂದು ಕಾಡು ಕಟ್ಟೋಕೆ ಸಾಧ್ಯ ಆಗಿದ್ರೆ, ಇವತ್ತಿನ ಹತ್ತು ಸಾವಿರ ರೂಪಾಯಿ ಫೋನಲ್ಲಿ ಏನು ತಾನೇ ಆಗಲ್ಲ?

ಕೇಳುಗರಲ್ಲಿ ಕಾರಾಪುರ, ಬಳ್ಳೆ, ದಮ್ಮನಕಟ್ಟೆ, ಡಿ.ಬಿ. ಕುಪ್ಪೆ ಕಡೆಯೋರು ಯಾರಾದ್ರೂ ಇದ್ರೆ, ಖೆಡ್ಡಾ ನೋಡಿದ ಅಜ್ಜ ಅಜ್ಜಿ ಮನೇಲಿದ್ರೆ, ಅವರ ಮಾತನ್ನ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. 1971ರಲ್ಲಿ ಇಪ್ಪತ್ತು ವರ್ಷ ಇದ್ದೋರಿಗೆ ಈಗ ಎಪ್ಪತ್ತು ದಾಟಿದೆ. ಅವರು ಒಪ್ಪಿದ್ರೆ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅವರ ದನಿಯನ್ನೇ ಕೇಳಿಸ್ತೀನಿ, ನನ್ನ ಮಾತು ಕಮ್ಮಿ ಮಾಡ್ತೀನಿ.